ಆಯ್ತು ಸಾಹೇಬರ ಕೆಂಪು ಫೋನು

ಸಾಹೇಬರ ಮುಂದಿನ ಕೋಣೆಯಲ್ಲಿ ಮೂವತ್ತೆರಡು ಕುರ್ಚಿಗಳಿವೆ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಸ್ನಾನ ಮುಗಿಸಿ, ಗರಿಗರಿಯಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ಅವರು ಆ ಕುರ್ಚಿಗಳಿಗೆ ಎದುರಾಗಿ ಬಂದು ಕೂರುತ್ತಾರೆ. ಮಧ್ಯಾಹ್ನ ಒಂದರವರೆಗೆ ಕೂತೇ ಇರುತ್ತಾರೆ. ಒಂದು ಕಾಲದಲ್ಲಿ ಇದು ಜನರನ್ನು ನೋಡುವ ಹೊತ್ತು. ಈಗ ಬರುವವರೆಂದರೆ ಪೇಪರ್ ಹಾಕುವವನು, ವಾರಕ್ಕೊಮ್ಮೆ ರಕ್ತದೊತ್ತಡ ನೋಡುವ ಕಾಂಪೌಂಡರು, ಮತ್ತೆ ನಾನು. ಪೇಪರಿನವನಂತೂ ಒಳಗೆ ಬರುವುದೇ ಇಲ್ಲ, ಗೇಟಿನ ಮೇಲಿಂದ ಎಸೆದು ಹೋಗುತ್ತಾನೆ.

ಅಡುಗೆಯಾಕೆ ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟಳು. "ಸಾರ್, ಇಪ್ಪತ್ತು ಕುರ್ಚಿ ಅಟ್ಟಕ್ಕೆ ಹಾಕ್ಬಿಡ್ಲಾ? ದಿನಾ ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು."

"ಹಾಕಿಬಿಟ್ರೆ, ಯಾರಾದ್ರೂ ಬಂದಾಗ ನಿಂತ್ಕೊಂಡಿರ್ಬೇಕಾ?"

"ಯಾರು ಬರ್ತಾರೆ ಸಾರ್?"

ಸಾಹೇಬರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಅವಳು ಗೊಣಗುತ್ತ ಮೂವತ್ತೆರಡನ್ನೂ ಒರೆಸಿದಳು.

ನಾನು ಅವರ ಟೈಪಿಸ್ಟು. ಅವರು ಮಂತ್ರಿಯಾಗುವ ಮೊದಲಿನಿಂದ, ಎರಡನೇ ಸಲ ಸೋತು ಮನೆ ಸೇರುವವರೆಗೆ, ಇಪ್ಪತ್ತನಾಲ್ಕು ವರ್ಷ ಅವರ ಕಾಗದಪತ್ರಗಳನ್ನೆಲ್ಲ ಬಡಿದವಳು. ಈಗ ನನಗೆ ಎಪ್ಪತ್ತೊಂದು. ಮೊಣಕಾಲು ಎರಡೂ ಕೈಕೊಟ್ಟಿವೆ, ನಾಲಿಗೆ ಮಾತ್ರ ಚೆನ್ನಾಗಿ ಓಡಾಡುತ್ತದೆ. ಕಳೆದ ವರ್ಷ ಅವರೇ ಹೇಳಿಕಳಿಸಿದರು, ಆತ್ಮಕಥೆ ಬರೆಯಬೇಕು ಅಂತ. ವಾರಕ್ಕೆ ಮೂರು ದಿನ ಬಂದು, ಅವರು ಹೇಳಿದ್ದನ್ನು ಹಳೆಯ ಟೈಪ್‌ರೈಟರಿನಲ್ಲೇ ಬಡಿಯುತ್ತೇನೆ. ಕಂಪ್ಯೂಟರು ಬೇಡವಂತೆ, ಟಕಟಕ ಸದ್ದು ಕೇಳದಿದ್ದರೆ ಅವರಿಗೆ ಮಾತು ಹೊರಡುವುದಿಲ್ಲ. ಓದುವವರು ಯಾರು ಅಂತ ನಾನು ಕೇಳಲಿಲ್ಲ. ಮನುಷ್ಯನಿಗೆ ಎದುರಿಗೆ ಕೂತು ಕೇಳಿಸಿಕೊಳ್ಳುವವರು ಒಬ್ಬರು ಬೇಕು, ಅಷ್ಟೇ ಅಂತ ನನಗೆ ಗೊತ್ತಿತ್ತು.

ಸಾಹೇಬರ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಇರುವ ರಕ್ತಸಂಬಂಧವೆಂದರೆ ಒಬ್ಬ ಅಕ್ಕ, ತೊಂಬತ್ತೊಂದು ವರ್ಷದವರು. ಎರಡೂವರೆ ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಮಗಳ ಜೊತೆ ಇದ್ದಾರೆ. ಆ ಅಕ್ಕ ಸಾಹೇಬರ ಜೊತೆ ಮಾತು ಬಿಟ್ಟು ಮೂವತ್ತೊಂದು ವರ್ಷ. ಸಾಹೇಬರಿಗೆ ಈಗ ಎಂಬತ್ತನಾಲ್ಕು. ಸಾಯುವುದರೊಳಗೆ ಅಕ್ಕ ಒಂದು ಸಲ ಮಾತಾಡಬೇಕು, ಒಂದು ಸಲ ಈ ಮನೆಗೆ ಬರಬೇಕು ಅನ್ನುವುದೊಂದೇ ಅವರ ಆಸೆ. ಇದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಕಥೆ ಹೇಳುವಾಗ ಎಲ್ಲಿಂದ ಹೊರಟರೂ ಸುತ್ತಿ ಬಳಸಿ ಅಕ್ಕನ ಹತ್ತಿರ ಬಂದು ನಿಲ್ಲುತ್ತಿದ್ದರು. ನಿಂತವರು, ಇವತ್ತಿಗೆ ಸಾಕಮ್ಮ ಅನ್ನುತ್ತಿದ್ದರು.

ಅಕ್ಕನೇ ಅವರನ್ನು ಸಾಕಿದ್ದು. ತಾಯಿ ಹೋದಾಗ ಇವರಿಗೆ ಮೂರು ವರ್ಷ, ಅಕ್ಕನಿಗೆ ಹತ್ತು. ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಮಾತಿಗಿಂತ ಮೊದಲು ಸ್ಪ್ಯಾನರ್ ಎಸೆಯುವ ಪೈಕಿ ಮನುಷ್ಯ. ಅಕ್ಕ ಶಾಲೆ ಬಿಟ್ಟು ಪಕ್ಕದ ದರ್ಜಿ ಅಂಗಡಿಯಲ್ಲಿ ಕಾಜಾ ಹೊಲಿಯುವ ಕೆಲಸಕ್ಕೆ ಸೇರಿಕೊಂಡರು. ಗುಂಡಿ ಹೋಗುವ ತೂತಿನ ಸುತ್ತ ಒತ್ತಾಗಿ ಹೊಲಿಗೆ ಹಾಕುವ ಕೆಲಸ. ದಿನಕ್ಕೆ ನೂರಾರು ಕಾಜಾ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ತಮ್ಮನನ್ನು ಕೂರಿಸಿಕೊಂಡು, ಸೂಜಿಯ ಮೇಲೊಂದು ಕಣ್ಣು, ಅವನ ಮೇಲೊಂದು ಕಣ್ಣು ಇಟ್ಟಿರುತ್ತಿದ್ದರಂತೆ. ಚಿಂದಿ ಬಟ್ಟೆಯ ರಾಶಿಯಲ್ಲಿ ಕೂತು ಸಾಹೇಬರು ಮಗ್ಗಿ ಕಲಿತರು. ಶಾಲೆಗೆ ಹೋದದ್ದು, ಪರೀಕ್ಷೆ ಪಾಸಾದದ್ದು, ಮೊದಲ ಪ್ಯಾಂಟು ಹಾಕಿದ್ದು, ಎಲ್ಲ ಅಕ್ಕನ ಸೂಜಿಯ ಪುಣ್ಯ.

ರಾಜಕೀಯಕ್ಕೆ ಬಂದದ್ದು ಮಾತ್ರ ಪೂರ್ತಿ ಆಕಸ್ಮಿಕ. ಇಪ್ಪತ್ತೆರಡನೇ ವಯಸ್ಸಿಗೆ ಅವರು ಸಭೆಗಳಿಗೆ ಮೈಕು ಕಟ್ಟುವ ಕೆಲಸ ಮಾಡುತ್ತಿದ್ದರು. ಒಂದು ಚುನಾವಣೆಯ ಸಭೆಗೆ ಅಭ್ಯರ್ಥಿ ಎಷ್ಟು ಹೊತ್ತಾದರೂ ಬರಲಿಲ್ಲ, ಜನ ಏಳತೊಡಗಿದರು. ಇವರು ಮೈಕು ಪರೀಕ್ಷೆ ಮಾಡಲು ಹಲೋ, ಒಂದು, ಎರಡು, ಮೂರು ಅಂದವರು ಹಾಗೇ ನಲವತ್ತು ನಿಮಿಷ ಮಾತಾಡಿದರು. ನಲ್ಲಿ, ಚರಂಡಿ, ಪಡಿತರ, ಪಕ್ಕದ ಬೀದಿಯ ಉರಿಯದ ದೀಪ. ಎದ್ದ ಜನ ಮತ್ತೆ ಕೂತರು. ಅಭ್ಯರ್ಥಿ ಬಂದಾಗ ಯಾರೂ ಅವನ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಚುನಾವಣೆಗೆ ಪಕ್ಷದವರು ಇವರಿಗೇ ಟಿಕೆಟ್ ಕೊಟ್ಟರು. ನಗರಸಭೆಗೆ ಎರಡು ಸಲ, ಆಮೇಲೆ ಶಾಸಕರಾಗಿ ಐದು ಸಲ ಗೆದ್ದರು. ಕೊನೆಗೆ ಯಾರಿಗೂ ಬೇಡವಾದ ತೂಕ ಮತ್ತು ಅಳತೆ ಇಲಾಖೆಗೆ ಮಂತ್ರಿಯೂ ಆದರು. ತಕ್ಕಡಿ ಮಂತ್ರಿ ಅಂತ ವಿರೋಧಿಗಳು ನಕ್ಕರು. ಜನ ಇಟ್ಟ ಅಡ್ಡಹೆಸರು ಬೇರೆ. ಯಾರು ಏನು ಕೇಳಲಿ, ಇವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ಆಯ್ತು. ಅದಕ್ಕೇ ಆಯ್ತು ಸಾಹೇಬರು.

ಎಲ್ಲರಿಗೂ ಆಯ್ತು ಅನ್ನುವುದು ಸುಲಭ. ಎಲ್ಲರದ್ದನ್ನೂ ಮಾಡಿಕೊಡುವುದು ಯಾರಪ್ಪನಿಂದಲೂ ಆಗುವುದಿಲ್ಲ. ಇದಕ್ಕೆ ಸಾಹೇಬರು ಒಂದು ಉಪಾಯ ಕಂಡುಕೊಂಡಿದ್ದರು. ಅವರ ಮೇಜಿನ ಮೇಲೆ ಎರಡು ಫೋನು, ಒಂದು ಕಪ್ಪು, ಒಂದು ಕೆಂಪು. ಕಪ್ಪು ಫೋನು ಎಲ್ಲರ ಫೋನಿನಂಥದೇ ಫೋನು. ಕೆಂಪು ಫೋನಿಗೆ ಲೈನೇ ಇರಲಿಲ್ಲ. ಅದರ ತಂತಿ ಮೇಜಿನ ಕೆಳಗೆ ಇಳಿದು, ನೆಲದ ಹಾಸಿನಡಿ ನುಸುಳಿ, ಅಲ್ಲೇ ಮುಗಿಯುತ್ತಿತ್ತು. ಆಗುವ ಕೆಲಸವಾದರೆ ಕಪ್ಪು ಫೋನು. ಆಗದ ಕೆಲಸವಾದರೆ ಕೆಂಪು ಫೋನು. ಬಂದವರಿಗೇನು ಗೊತ್ತು? ಕೆಂಪು ಬಣ್ಣ ಕಂಡ ಕೂಡಲೇ ನಮ್ಮ ಕೆಲಸ ನೇರ ಮೇಲಿನವರೆಗೆ ಹೋಯಿತು ಅಂತ ಅವರ ಕಣ್ಣು ಅರಳುತ್ತಿತ್ತು.

ಆ ಫೋನಿನಲ್ಲಿ ಅವರು ಮಾತಾಡುವುದನ್ನು ನೀವು ನೋಡಬೇಕಿತ್ತು. ನಂಬರು ತಿರುಗಿಸಿ, ಅತ್ತ ಗಂಟೆ ಬಾರಿಸುವಷ್ಟು ಹೊತ್ತು ಕಾದು, ಹುಬ್ಬು ಗಂಟಿಕ್ಕಿ, "ಯಾರ್ರೀ ಮಾತಾಡೋದು? ಅವರನ್ನ ಕರೀರಿ" ಅನ್ನುತ್ತಿದ್ದರು. ಮತ್ತೆ ಕಾಯುತ್ತಿದ್ದರು. ಇಲ್ಲದ ಅಧಿಕಾರಿಯನ್ನು ಗದರಿಸುತ್ತಿದ್ದರು, ಅವನು ಹೇಳದ ಜೋಕಿಗೆ ಹೊಟ್ಟೆ ಹಿಡಿದು ನಗುತ್ತಿದ್ದರು. ಒಂದು ದಿನ ಆ ಸತ್ತ ಫೋನಿನ ಜೊತೆ ಎಷ್ಟು ಜೋರಾಗಿ ಜಗಳ ಆಡಿದರೆಂದರೆ, ಅರ್ಜಿ ತಂದಿದ್ದ ಮುದುಕನೇ ಎದ್ದು, "ಹೋಗ್ಲಿ ಬಿಡಿ ಸ್ವಾಮಿ, ಪಾಪ, ಅವರಿಗೂ ಏನು ಕಷ್ಟವೋ" ಅಂತ ಸಮಾಧಾನ ಮಾಡಿದ. ನಾನು ಬಿದ್ದ ರಬ್ಬರು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ ನಕ್ಕಿದ್ದೆ. ನಗಬಾರದಿತ್ತು. ಈಗ ನೆನೆಸಿಕೊಂಡರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ನೇರವಾಗಿಯೇ ಕೇಳಿದ್ದೆ. "ಆಗಲ್ಲ ಅಂತ ಹೇಳಿ ಕಳಿಸಿಬಿಡಿ ಸಾರ್. ಬೇರೆ ದಾರಿನಾದ್ರೂ ನೋಡ್ಕೊಳ್ತಾರೆ."

"ಆಗಲ್ಲ ಅಂದ್ರೆ ಮತ್ತೆ ಬರ್ತಾರೇನಮ್ಮಾ?" ಅಂದರು. "ಹೊರಗೆ ನೋಡಿ, ಮೂವತ್ತೆರಡು ಕುರ್ಚಿ ತುಂಬಿದೆ. ಹತ್ತು ಜನಕ್ಕೆ ಆಗಲ್ಲ ಅಂದ್ರೆ ನಾಳೆ ಇಪ್ಪತ್ತೆರಡೇ."

ಅಷ್ಟು ವರ್ಷ ಅವರು ಹೆದರಿದ್ದು ವಿರೋಧಿಗಳಿಗಲ್ಲ, ಖಾಲಿ ಕುರ್ಚಿಗೆ.

ಮೂವತ್ತೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಕ್ಕ ಬಂದರು. ಬರುತ್ತೇನೆ ಅಂತ ಕಾಗದವನ್ನೂ ಹಾಕಿರಲಿಲ್ಲ. ತಾನು ಸಾಹೇಬರ ಅಕ್ಕ ಅಂತ ಬಾಗಿಲಿನವನಿಗೂ ಹೇಳದೆ, ಎಲ್ಲರಂತೆ ಚೀಟಿ ತೆಗೆದುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಚೀಟಿಯ ನಂಬರು ಇಪ್ಪತ್ತೇಳು. ಅವರ ಸರದಿ ಬಂದಾಗ ಹನ್ನೆರಡೂವರೆ. ಒಳಗೆ ಬಂದದ್ದು ನೋಡಿ ಸಾಹೇಬರು ದಡಬಡಿಸಿ ಎದ್ದರು. "ಏನಕ್ಕಾ, ಹೊರಗೆ ಕೂತಿದ್ಯಾ? ನನಗೆ ಹೇಳಿ ಕಳಿಸ್ಬಾರ್ದಿತ್ತಾ?"

"ಇರಲಿ ಬಿಡೋ. ಎಲ್ಲರೂ ಕೂತಿದ್ರು" ಅಂದರು ಅಕ್ಕ.

ಜೀವಮಾನದಲ್ಲಿ ಅವರು ತಮ್ಮನನ್ನು ಕೇಳಿದ್ದು ಅದೊಂದೇ. ಮಗಳು ನರ್ಸು. ಗಡಿಯ ಹತ್ತಿರದ ಆಸ್ಪತ್ರೆಯೊಂದಕ್ಕೆ ಹಾಕಿದ್ದಾರೆ, ಹೋಗಿಬರಲು ಎರಡು ದಿನ ಬೇಕು. ಗಂಡ ತೀರಿಹೋಗಿದ್ದಾರೆ. ಕಾಜಾ ಹೊಲಿದು ಹೊಲಿದು ಕಣ್ಣು ಮಂಜಾಗುತ್ತಿದೆ, ಒಲೆಯ ಉರಿ ಎಷ್ಟಿದೆ ಅಂತ ಕೈ ಹಿಡಿದು ನೋಡಬೇಕು. ಮಗಳನ್ನು ಊರಿನ ಆಸ್ಪತ್ರೆಗೆ ಹಾಕಿಸಿಕೊಡಲು ಆಗುತ್ತದಾ ಅಂತ ಕೇಳಿದರು. ಆಗುತ್ತದಾ ಅಂತಲೇ ಕೇಳಿದ್ದು, ಮಾಡಿಕೊಡು ಅನ್ನಲಿಲ್ಲ. ನನಗೆ ಚೆನ್ನಾಗಿ ನೆನಪಿದೆ.

ಆರೋಗ್ಯ ಮಂತ್ರಿಗೂ ಸಾಹೇಬರಿಗೂ ಆಗ ಎಣ್ಣೆ ಸೀಗೆಕಾಯಿ. ಅವನ ಮುಂದೆ ಹೋಗಿ ಕೈಯೊಡ್ಡಿದರೆ ಅವನು ಅದನ್ನು ಊರೆಲ್ಲ ಸಾರುತ್ತಾನೆ. ಸಾಲದ್ದಕ್ಕೆ, ಶಿಫಾರಸಿನ ಮೇಲೆ ವರ್ಗಾವಣೆ ಮಾಡುವುದು ತಪ್ಪು ಅಂತ ಸಾಹೇಬರೇ ಆ ವಾರ ಭಾಷಣ ಬಿಗಿದಿದ್ದರು. ನಿಜ ಹೇಳಬೇಕೆಂದರೆ ಆಗದ ಕೆಲಸವೇ. ಅಕ್ಕನಿಗೆ ಹಾಗಂತ ಹೇಳಬಹುದಿತ್ತು. ಸಾಹೇಬರು ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರ ಕೈ ಕೆಂಪು ಫೋನಿಗೆ ಹೋಯಿತು.

ಅವರು ಗಡಿಬಿಡಿಯಲ್ಲಿ ಮೂರೇ ಅಂಕಿ ತಿರುಗಿಸಿ ಮಾತಿಗೆ ಶುರುಹಚ್ಚಿಕೊಂಡರು. ಊರಿನ ಫೋನುಗಳಿಗೆಲ್ಲ ಆಗ ಆರಂಕಿ. ಬೇರೆ ದಿನಗಳಲ್ಲಿ ಆರನ್ನೂ ತಿರುಗಿಸುತ್ತಿದ್ದರು. "ನಮ್ಮಕ್ಕನ ಮಗಳು ರೀ… ಹೂಂ, ಸ್ವಂತ ಅಕ್ಕ… ಮುಂದಿನ ತಿಂಗಳೇ ಆಗ್ಬೇಕು, ನನಗೆ ನೆಪ ಹೇಳ್ಬೇಡಿ." ಅಕ್ಕ ಕೈ ಮಡಚಿಕೊಂಡು ಸುಮ್ಮನೆ ಕೂತಿದ್ದರು. ಫೋನಿಟ್ಟು ಸಾಹೇಬರು, "ಆಯ್ತಕ್ಕಾ" ಅಂದರು.

"ಸರಿ ಕಣೋ" ಅಂತ ಅಕ್ಕ ಎದ್ದರು. ಬಾಗಿಲ ಹತ್ತಿರ ನಿಂತು, "ಆರೂವರೆಗೆ ನನ್ನ ಬಸ್ಸು. ಬಿಡುವಾದ್ರೆ ಬಸ್‌ಸ್ಟ್ಯಾಂಡಿಗೆ ಬಾ. ಸ್ವಲ್ಪ ಹೊತ್ತು ಕೂತು ಮಾತಾಡೋಣ" ಅಂದರು.

"ಬರ್ತೀನಕ್ಕಾ" ಅಂದರು ಸಾಹೇಬರು.

ಹೋಗಲಿಲ್ಲ. ಮಗಳ ವರ್ಗಾವಣೆಯೂ ಆಗಲಿಲ್ಲ. ಅವಳು ಊರಿಗೆ ಬರುವಷ್ಟರಲ್ಲಿ ಏಳು ವರ್ಷ ಕಳೆದು, ಅಕ್ಕನ ಕಣ್ಣು ಪೂರ್ತಿ ಹೋಗಿತ್ತು. ಆವತ್ತಿನಿಂದ ಅಕ್ಕನ ಕಾಗದವಿಲ್ಲ, ಸುದ್ದಿಯಿಲ್ಲ. ಸಾಹೇಬರ ಹೆಂಡತಿ ತೀರಿಕೊಂಡಾಗ ಮಗಳೊಬ್ಬಳೇ ಬಂದು ಹತ್ತು ನಿಮಿಷ ನಿಂತು ಹೋದಳು. ಅಮ್ಮ ಬರಲಿಲ್ಲವಾ ಅಂತ ಸಾಹೇಬರು ಕೇಳಿದ್ದಕ್ಕೆ, ಇಲ್ಲ ಮಾವ ಅಂದಳು. ಯಾಕೆ ಅಂತ ಕೇಳುವ ಧೈರ್ಯ ಇವರಿಗೆ ಇರಲಿಲ್ಲ.

ಆತ್ಮಕಥೆಯ ಎಂಟನೇ ಅಧ್ಯಾಯ ಮಂತ್ರಿಯಾಗಿದ್ದ ಕಾಲದ್ದು. ಒಂದು ಮಂಗಳವಾರ ಸಾಹೇಬರು ಗಂಟಲು ಸರಿಮಾಡಿಕೊಂಡು ಹೇಳತೊಡಗಿದರು, ನಾನು ಬಡಿಯತೊಡಗಿದೆ. "ನನ್ನ ಸ್ವಂತ ಅಕ್ಕ ತನ್ನ ಮಗಳ ವರ್ಗಾವಣೆ ಕೋರಿ ನನ್ನ ಕಚೇರಿಗೆ ಬಂದರು. ಸಂಬಂಧಿಕರಿಗಾಗಿ ಅಧಿಕಾರ ಬಳಸುವುದು ನನ್ನ ತತ್ತ್ವಕ್ಕೆ ವಿರುದ್ಧವೆಂದು ನಾನು ಕಡ್ಡಿ ಮುರಿದಂತೆ ತಿಳಿಸಿದೆ. ಅಕ್ಕನಿಗೆ ನೋವಾಯಿತು. ಆದರೆ…"

ನಾನು ಕೈ ನಿಲ್ಲಿಸಿದೆ.

"ಯಾಕಮ್ಮಾ?"

"ಇದು ಸುಳ್ಳು ಸಾರ್."

"ನನ್ನ ಕಥೆ ಇದು."

"ನಿಮ್ಮದೇ. ಆದ್ರೆ ಆವತ್ತು ನಾನೂ ಅಲ್ಲೇ ಕೂತಿದ್ದೆ. ಅಕ್ಕನಿಗೆ ಒಂದು ಸಲ ಸುಳ್ಳು ಹೇಳಿದ್ರಿ, ಸಾಲದು ಅಂತ ಈಗ ಅಚ್ಚು ಹಾಕಿಸಿ ಹೇಳ್ತೀರಾ? ಅದೂ ನನ್ನ ಕೈಯಿಂದ?"

ಅವರ ಮುಖ ಕೆಂಪಾಯಿತು. ಸಭೆಗಳಲ್ಲಿ ಕೇಳಿದ್ದ ಆ ಗಡಸು ದನಿ ಎಷ್ಟೋ ವರ್ಷದ ಮೇಲೆ ಹೊರಬಂತು. "ನೀವು ಬಡಿಯೋಕೆ ಬಂದಿರೋದು, ನ್ಯಾಯ ಹೇಳೋಕಲ್ಲ."

"ಹಾಗಾದ್ರೆ ಬಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದೆ. ಟೈಪ್‌ರೈಟರಿಗೆ ಮುಸುಕು ಹಾಕಿ, ಚೀಲ ಎತ್ತಿಕೊಂಡು ಬಂದೆ. ಮೆಟ್ಟಿಲಿಳಿಯುವಾಗ ಮೊಣಕಾಲು ಚುಚ್ಚಿದ್ದೂ ಗೊತ್ತಾಗಲಿಲ್ಲ, ಅಷ್ಟು ಕೋಪ. ಮನೆಗೆ ಬಂದು ಹಾಲು ಕಾಯಿಸಲು ಇಟ್ಟು, ಅದು ಉಕ್ಕಿ ಒಲೆಯೆಲ್ಲ ಹರಿದ ಮೇಲೆ, ಇಷ್ಟೆಲ್ಲ ಕೋಪ ಬಂದದ್ದು ಅವರೊಬ್ಬರ ಮೇಲೇ ಅಲ್ಲ ಅಂತ ಅರ್ಥವಾಯಿತು. ಆವತ್ತು ತಲೆ ತಗ್ಗಿಸಿದವಳು ನಾನೇ ಅಲ್ಲವೇ?

ಒಂಬತ್ತು ದಿನ ಹೋಗಲಿಲ್ಲ. ಮಧ್ಯೆ ಅಡುಗೆಯಾಕೆ ಮಾರುಕಟ್ಟೆಯಲ್ಲಿ ಸಿಕ್ಕಿ, "ನೀವು ಬರದೆ ಇದ್ದಾಗಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದಾರೆ. ಉಪ್ಪು ಕಮ್ಮಿ ಅಂತಾನೂ ಹೇಳಲ್ಲ. ನಂಗೇ ಹೆದರಿಕೆ ಆಗುತ್ತೆ" ಅಂದಳು. ಹತ್ತನೇ ದಿನ ಬೆಳಿಗ್ಗೆ ಸಾಹೇಬರೇ ಫೋನು ಮಾಡಿದರು.

"ಎಂಟನೇ ಅಧ್ಯಾಯ ನನ್ನಿಂದ ಆಗ್ತಿಲ್ಲಮ್ಮ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಅಕ್ಕನ ಹತ್ರ ಕರ್ಕೊಂಡು ಹೋಗ್ತೀರಾ? ಒಬ್ಬನೇ ಹೋಗೋಕೆ…" ಅಂದರು.

ನಾನು ಅಕ್ಕನ ಮಗಳಿಗೆ ಫೋನು ಮಾಡಿದೆ. ಅವಳು ಹೇಳಿದಳು. "ಬನ್ನಿ ಮೇಡಂ. ಬರಬೇಡಿ ಅಂತ ಹೇಗೆ ಹೇಳ್ಲಿ? ಆದ್ರೆ ಅಮ್ಮ ಮಾತಾಡ್ತಾರೆ ಅಂತ ನಾನು ಮಾತು ಕೊಡಲ್ಲ."

ಭಾನುವಾರ ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ಸಾಹೇಬರು ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದರು. ದಾರಿಯುದ್ದಕ್ಕೂ ಅದನ್ನು ತೆಗೆದು ನೋಡುವುದು, ಮಡಚಿ ಜೇಬಿಗಿಡುವುದು. ಸಾವಿರಾರು ಜನರ ಮುಂದೆ ಚೀಟಿಯಿಲ್ಲದೆ ಮಾತಾಡಿದ ಮನುಷ್ಯ. ಅರ್ಧ ದಾರಿಯಲ್ಲಿ ಕೇಳಿದರು, "ಆವತ್ತು ನಾನು ಎಷ್ಟು ಹೊತ್ತು ಮಾತಾಡಿದೆ ಫೋನಲ್ಲಿ?"

"ಎರಡು ನಿಮಿಷ ಇರಬಹುದು ಸಾರ್."

"ಅಷ್ಟೇನಾ" ಅಂತ ಕಿಟಕಿಯ ಕಡೆ ತಿರುಗಿದರು. ನನಗೆ ಅವರ ಮೇಲೆ ಮರುಕ ಬಂತು. ತೋರಿಸಿಕೊಳ್ಳಲಿಲ್ಲ.

ಅಕ್ಕನ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ. ಸಾಹೇಬರು ಗೋಡೆ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಉಸಿರೆಳೆದುಕೊಂಡು ಹತ್ತಿದರು. ನಾನೂ ಅಷ್ಟೇ. ಇಬ್ಬರಲ್ಲಿ ಯಾರು ಮೊದಲು ಬೀಳುತ್ತೇವೋ ಅನ್ನುವಂತಿತ್ತು. ಬಾಗಿಲು ತೆಗೆದ ಮಗಳು ಅಕ್ಕನದೇ ಪಡಿಯಚ್ಚು, ತಲೆ ಅರ್ಧ ನರೆತಿತ್ತು. "ಬನ್ನಿ ಮಾವ" ಅಂದಳು.

ಇಕ್ಕಟ್ಟಾದ ಕೋಣೆ. ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ವಾರದ ಏಳು ದಿನಕ್ಕೆ ಏಳು ಮನೆ ಇರುವ ಮಾತ್ರೆ ಡಬ್ಬಿ. ಕಿಟಕಿಯ ಪಕ್ಕ ಮಂಚದ ಮೇಲೆ ಅಕ್ಕ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಕಣ್ಣು ಕಾಣದು, ಬೆರಳೇ ಎಲ್ಲ ನೋಡುತ್ತಿತ್ತು. ಎಡಗೈಯ ಉಗುರಿನಿಂದ ಜಾಗ ಗುರುತಿಟ್ಟುಕೊಂಡು, ಬಲಗೈಯಿಂದ ಸೂಜಿ ಏರಿಸುತ್ತಿದ್ದರು. ನೆರೆಹೊರೆಯವರೆಲ್ಲ ತಂದುಕೊಡುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ ಅಂತ ಮಗಳು ಪಿಸುಗುಟ್ಟಿದಳು.

"ಅಮ್ಮಾ, ಮಾವ ಬಂದಿದ್ದಾರೆ."

ಸೂಜಿ ನಿಂತಿತು. "ಕೂತ್ಕೊಳ್ಳಿ" ಅಂದರು ಅಕ್ಕ. ಊರಿಗೆಲ್ಲ ಸಾಹೇಬರಾದವರನ್ನು ಏನೋ, ಬಾರೋ ಅನ್ನುತ್ತಿದ್ದ ಒಬ್ಬರೇ ಒಬ್ಬರು ಕೂತ್ಕೊಳ್ಳಿ ಅಂದಾಗ ಸಾಹೇಬರು ಮುದುಡಿದರು.

ಅಕ್ಕ ಮಾತಾಡಲಿಕ್ಕಿಲ್ಲ ಅಂತ ಹೆದರಿ ಬಂದಿದ್ದೆವು. ಮಾತು ಕಳೆದುಕೊಂಡವರು ಸಾಹೇಬರು. ಆರೋಗ್ಯ ವಿಚಾರಿಸಿದರು. ನಲ್ಲಿಯಲ್ಲಿ ನೀರು ದಿನಾ ಬರುತ್ತದಾ ಅಂತ ಕೇಳಿದರು. ಬೀದಿದೀಪ ಉರಿಯುತ್ತದಾ ಅಂತ ಕೇಳಿದರು! ಎರಡು ಕಣ್ಣೂ ಇಲ್ಲದವರಿಗೆ ಬೀದಿದೀಪದ ವಿಚಾರಣೆ. ನಾನು ಹಲ್ಲು ಕಚ್ಚಿ ಕೂತಿದ್ದೆ. ಅಕ್ಕ ಎಲ್ಲದಕ್ಕೂ ಹೂಂ, ಹೂಂ ಅನ್ನುತ್ತ ಗುಂಡಿ ಹಚ್ಚಿ ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದರು. ಆಗ ಸಾಹೇಬರು ಜೇಬಿನಿಂದ ಚೀಟಿ ತೆಗೆದರು. ಬಿಡಿಸಿದರು. ಓದಲಿಲ್ಲ.

"ಅಕ್ಕಾ, ಆವತ್ತು ನಾನು ಫೋನು ಮಾಡ್ಲೇ ಇಲ್ಲ. ಅದಕ್ಕೆ ಲೈನೇ ಇರ್ಲಿಲ್ಲ."

"ಗೊತ್ತು" ಅಂದರು ಅಕ್ಕ.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನನ್ನ ಮುಂದೇನೇ ಮೂರು ನಂಬರು ತಿರುಗಿಸಿದೆ. ನನಗೆ ಕಣ್ಣು ಮಂಜಾಗಿತ್ತು, ಕಿವಿ ಸರಿಯಾಗೇ ಇತ್ತಲ್ಲ. ಜೀವಮಾನ ಪೂರ್ತಿ ಹೊಲಿಗೆ ಎಣಿಸಿದವಳು ನಾನು, ಮೂರಕ್ಕೂ ಆರಕ್ಕೂ ವ್ಯತ್ಯಾಸ ತಿಳಿಯಲ್ವಾ?"

ಕಾಫಿ ಲೋಟಗಳನ್ನು ಮೇಜಿನ ಮೇಲಿಡುತ್ತಿದ್ದ ಮಗಳು ಗರಬಡಿದಂತೆ ನಿಂತಳು. ಅವಳಿಗೂ ಇದು ಗೊತ್ತಿರಲಿಲ್ಲ ಅಂತ ಕಾಣುತ್ತದೆ.

"ಗೊತ್ತಿದ್ದೂ ಸುಮ್ನೆ ಹೋದ್ಯಾ?" ಅಂದರು ಸಾಹೇಬರು.

"ಇನ್ನೇನು ಮಾಡ್ಲಿ? ಪಕ್ಕದಲ್ಲಿ ಈ ಟೈಪಿನಮ್ಮ ಕೂತಿದ್ರು, ಹೊರಗೆ ಅಷ್ಟು ಜನ. ಅವರ ಮುಂದೆ ನಿನ್ನ ಮರ್ಯಾದೆ ತೆಗೀಲಾ?" ಅಕ್ಕ ಅಂಗಿಯನ್ನು ತೊಡೆಯ ಮೇಲೆ ಹರವಿ ಮಡಚತೊಡಗಿದರು. "ನನ್ನ ಮುಂದೇನೇ ಸುಳ್ಳು ಆಡ್ತಾನೆ ಅಂದ್ರೆ ಏನೋ ಕಷ್ಟ ಇರ್ಬೇಕು, ಜನರ ಮುಂದೆ ಹೇಳೋಕಾಗ್ತಿಲ್ಲ ಅಂದ್ಕೊಂಡೆ. ಅದಕ್ಕೇ ಬಸ್‌ಸ್ಟ್ಯಾಂಡಿಗೆ ಬಾ ಅಂದಿದ್ದು. ಬಂದು, ಆಗಲ್ಲ ಅಕ್ಕ ಅಂದಿದ್ರೆ ಮುಗೀತಿತ್ತು. ಆರೂವರೆ ಬಸ್ಸು ಬಿಟ್ಟೆ. ಏಳೂವರೆದೂ ಬಿಟ್ಟೆ. ಕೊನೇ ಬಸ್ಸಿಗೆ ಹತ್ತಿದೆ. ಯಾಕೆ ಬರ್ಲಿಲ್ಲ?"

ಮೂವತ್ತೊಂದು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಇದೊಂದೇ. ವರ್ಗಾವಣೆಯ ಮಾತನ್ನು ಅಕ್ಕ ಎತ್ತಲೇ ಇಲ್ಲ.

ಸಾಹೇಬರು ಬಾಯಿ ತೆರೆದರು. "ತುರ್ತು ಸಭೆ ಕರೆದುಬಿಟ್ರಕ್ಕಾ. ಐದೂವರೆಗೆ. ಎದ್ದು ಬರೋ ಹಾಗೇ ಇರ್ಲಿಲ್ಲ."

ಅದು ಅವರು ಯೋಚಿಸಿ ಹೇಳಿದ್ದಲ್ಲ. ಎದುರಿಗಿರುವವರಿಗೆ ಯಾವ ಮಾತು ಹಿತವೋ ಅದನ್ನು ಹೇಳಿ ಹೇಳಿ ಪಳಗಿದ ನಾಲಿಗೆ, ತಾನಾಗೇ ಹೊರಳಿತು. ನನಗೆ ಗೊತ್ತಿತ್ತು, ಆವತ್ತು ಸಭೆ ಇರಲಿಲ್ಲ. ಹಲ್ಲುನೋವು ಅಂತ ನಾನು ಮೂರೂವರೆಗೇ ಹೊರಟಾಗ, ಹೋಗಿಬನ್ನಿ, ಇವತ್ತು ಸಂಜೆ ಏನೂ ಇಲ್ಲ ಅಂದಿದ್ದರು.

"ಓ, ಸಭೆ ಇತ್ತಾ" ಅಂದರು ಅಕ್ಕ. ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. "ಕಾಫಿ ಆರೋಗುತ್ತೆ, ಕುಡೀರಿ."

ಕಾಫಿ ಕುಡಿದೆವು. ಸಾಹೇಬರು ಲೋಟ ಕೆಳಗಿಟ್ಟು, "ಅಕ್ಕಾ, ಒಂದು ಸಲ ಮನೆಗೆ ಬಾ. ದೊಡ್ಡ ಮನೆ, ನಾನೊಬ್ಬನೇ. ಒಂದು ವಾರ ಇದ್ದು ಹೋಗು" ಅಂದರು. ಆ ಮಾತು ಕೇಳಲಾಗುತ್ತಿರಲಿಲ್ಲ, ಅಷ್ಟು ದೈನ್ಯ ಅದರಲ್ಲಿ.

"ಇಲ್ಲ" ಅಂದರು ಅಕ್ಕ. "ನಾನು ಬರಲ್ಲ."

ದನಿಯಲ್ಲಿ ಕೋಪವೂ ಇರಲಿಲ್ಲ. ಸಾಹೇಬರು ಏಳುವವರೆಗೂ ಅವರು ಮಡಚಿದ ಅಂಗಿಯನ್ನೇ ಸವರುತ್ತ ಕೂತಿದ್ದರು.

ಇಳಿಯುವಾಗ ಸಾಹೇಬರು ಮುಂದೆ, ನಾನು ಹಿಂದೆ. ಮೊದಲ ತಿರುವಿನಲ್ಲಿ ಅವರು ಗೋಡೆಗೆ ಒರಗಿ ನಿಂತರು. "ಮಾತಾಡಿದ್ಳಲ್ಲ, ಅಲ್ವಾ?" ಅಂದರು.

"ಮಾತಾಡಿದ್ರು ಸಾರ್."

"ಬರಲ್ಲ ಅಂದ್ಳು."

ನನಗೆ ತಡೆಯಲಾಗಲಿಲ್ಲ. "ಸಭೆ ಎಲ್ಲಿತ್ತು ಸಾರ್ ಆವತ್ತು?"

ಅವರು ನನ್ನ ಕಡೆ ನೋಡಲಿಲ್ಲ.

"ಇವತ್ತು ಕೆಂಪು ಫೋನೂ ಇರ್ಲಿಲ್ಲ ಎದುರಿಗೆ. ಕಣ್ಣಿಲ್ಲದ ಮುದುಕಿ ಒಬ್ರು ಕೂತಿದ್ರು. ಒಂದೇ ಒಂದು ಕೇಳಿದ್ರು ನಿಮ್ಮನ್ನ. ನಿಜ ಹೇಳಿದ್ರೆ ಗಂಟೇನು ಹೋಗ್ತಿತ್ತು?" ನನ್ನ ದನಿ ಜೋರಾಯಿತು. ಕೆಳಗಿನ ಮನೆಯ ಬಾಗಿಲು ಅರ್ಧ ತೆರೆದು, ಯಾರೋ ಇಣುಕಿ ಮತ್ತೆ ಮುಚ್ಚಿಕೊಂಡರು.

ಸಾಹೇಬರು ಕಂಬಿಯನ್ನು ಹಿಡಿದುಕೊಂಡರು. ಆಮೇಲೆ ತಿರುಗಿ ಮೆಟ್ಟಿಲು ಹತ್ತತೊಡಗಿದರು. ಒಂದು ಕಾಲಿಟ್ಟು, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಮತ್ತೆ ಒಂದು. "ಸಾರ್, ನಿಧಾನ" ಅಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ, ತಿರುವಿನಲ್ಲೇ ನಿಂತೆ.

ಬಾಗಿಲು ಇನ್ನೂ ತೆರೆದೇ ಇತ್ತು. ಸಾಹೇಬರು ಒಳಗೆ ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತು, ಏದುಸಿರಿನಲ್ಲೇ ಹೇಳಿದರು.

"ಅಕ್ಕಾ, ಸಭೆ ಇರ್ಲಿಲ್ಲ. ನಾನು ಮನೇಲೇ ಇದ್ದೆ. ಮನೆಯವಳು ತವರಿಗೆ ಹೋಗಿದ್ಳು. ಶೂ ಹಾಕ್ಕೊಂಡು ಹೊರಟೆ, ಗೇಟಿನ ತನಕ ಬಂದೆ. ನಿನ್ನ ಮುಖ ನೋಡೋಕಾಗಲ್ಲ ಅನ್ನಿಸ್ತು. ವಾಪಸು ಬಂದು ಕೂತ್ಕೊಂಡೆ. ಶೂನೂ ಬಿಚ್ಚಲಿಲ್ಲ. ಆರೂವರೆ ಆಯ್ತು, ಏಳೂವರೆ ಆಯ್ತು, ಹಾಗೇ ಕೂತಿದ್ದೆ."

ಒಳಗೆ ಮಂಚ ಕಿರುಗುಟ್ಟಿತು. ಅಕ್ಕನ ದನಿ ಬಂತು.

"ರಾತ್ರಿ ಊಟನಾದ್ರೂ ಮಾಡಿದ್ಯೇನೋ?"

ಸಾಹೇಬರು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡರು. "ಇಲ್ಲಕ್ಕಾ" ಅಂದರು.

ನನಗೆ ಅಳು ಬಂತು. ಇಬ್ಬರ ಮೇಲೂ ಸಿಟ್ಟೂ ಬಂತು, ಮೂವತ್ತೊಂದು ವರ್ಷ ದಂಡ ಮಾಡಿದರಲ್ಲ ಅಂತ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಬಂದೆ. ಟ್ಯಾಕ್ಸಿಯವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಸಾಹೇಬರು ಇನ್ನೂ ಸ್ವಲ್ಪ ಹೊತ್ತು ಬರುವುದಿಲ್ಲ, ನೀನು ಹೋಗಿ ಏನಾದರೂ ತಿಂದು ಬಾ ಅಂತ ಅವನಿಗೆ ಹೇಳಿದೆ.